ಹನ್ನೊಂದೂಕಾಲರ ಅತಿಥೇಯ: ಜಾನಿ ಕಾರ್ಸನ್ ಮತ್ತು ಅಳಿಸಿಹೋದ ಮೊದಲ ವರ್ಷ

1962ರ ಅಕ್ಟೋಬರ್ 1, ಸೋಮವಾರ. ನ್ಯೂಯಾರ್ಕ್ ನಗರದ ರಾಕ್‌ಫೆಲರ್ ಸೆಂಟರ್ ಕಟ್ಟಡದ ಆರನೆಯ ಮಹಡಿಯಲ್ಲಿರುವ 6ಬಿ ಸ್ಟುಡಿಯೊ. ಪರದೆಯ ಹಿಂದೆ 36 ವರ್ಷ ವಯಸ್ಸಿನ, ತೆಳ್ಳನೆಯ ಮೈಕಟ್ಟಿನ ವ್ಯಕ್ತಿಯೊಬ್ಬರು ತಮ್ಮ ಸರದಿಗಾಗಿ ಕಾಯುತ್ತಿದ್ದರು. ಪರದೆಯ ಮುಂದೆ ನಿಂತು ಅವರನ್ನು ಪರಿಚಯಿಸುತ್ತಿದ್ದವರು ಅಮೆರಿಕದ ಹಾಸ್ಯಲೋಕದ ಹಿರಿಯ ಗ್ರೌಚೊ ಮಾರ್ಕ್ಸ್. ಪರದೆ ಸರಿಯಿತು, ಚಪ್ಪಾಳೆ ಮೊಳಗಿತು. ಹೊರಬಂದ ವ್ಯಕ್ತಿ ಆ ಚಪ್ಪಾಳೆಗೆ ಬೆಚ್ಚಿದವರಂತೆ ನಟಿಸಿ, ಹೆದರಿದ ಮಗು ಮನೆಯವರನ್ನು ಹಂಬಲಿಸುವ ಧಾಟಿಯಲ್ಲಿ ಒಂದು ತಮಾಷೆ ಮಾಡಿದರು. ಸಭಿಕರು ನಕ್ಕರು. ಎನ್‌ಬಿಸಿ ವಾಹಿನಿಯ ‘ಟುನೈಟ್ ಶೋ’ ಎಂಬ ತಡರಾತ್ರಿಯ ಮಾತುಕತೆ ಕಾರ್ಯಕ್ರಮದಲ್ಲಿ ಜಾನಿ ಕಾರ್ಸನ್ ಅವರ ಆಳ್ವಿಕೆ ಹೀಗೆ ಆರಂಭವಾಯಿತು. ಅದು ಕೊನೆಗೊಂಡದ್ದು ಮೂವತ್ತು ವರ್ಷಗಳ ಬಳಿಕ, 1992ರ ಮೇ 22ರಂದು.

ಈ ಮೂವತ್ತು ವರ್ಷಗಳ ಬಗ್ಗೆ ಪುಸ್ತಕಗಳು ಬಂದಿವೆ, ಸಾಕ್ಷ್ಯಚಿತ್ರಗಳು ಬಂದಿವೆ. ಆದರೆ ಎಲ್ಲಕ್ಕೂ ತಳಹದಿಯಾದ ಮೊದಲ ವರ್ಷವನ್ನು ಕಣ್ಣಾರೆ ನೋಡಬೇಕೆಂದರೆ ಇಂದು ಸಾಧ್ಯವಿಲ್ಲ. ಆ ವರ್ಷದ ಟೇಪುಗಳಲ್ಲಿ ಬಹುಪಾಲು ಉಳಿದಿಲ್ಲ. ಉಳಿಸಿಕೊಳ್ಳಬೇಕೆಂದು ಆಗ ಯಾರಿಗೂ ಅನ್ನಿಸಲಿಲ್ಲ. ಆ ಕತೆ ಮುಂದೆ ಬರುತ್ತದೆ.

ಜಾನ್ ವಿಲಿಯಂ ಕಾರ್ಸನ್ ಹುಟ್ಟಿದ್ದು 1925ರ ಅಕ್ಟೋಬರ್ 23ರಂದು, ಅಯೋವಾ ರಾಜ್ಯದ ಕಾರ್ನಿಂಗ್ ಎಂಬ ಸಣ್ಣ ಊರಿನಲ್ಲಿ. ತಂದೆ ವಿದ್ಯುತ್ ಕಂಪೆನಿಯ ನೌಕರರು. ಕೆಲಸದ ನಿಮಿತ್ತ ಊರಿಂದೂರಿಗೆ ಅಲೆದ ಕುಟುಂಬ, ಬಾಲಕನಿಗೆ ಎಂಟು ವರ್ಷವಾದಾಗ ನೆರೆಯ ನೆಬ್ರಾಸ್ಕಾ ರಾಜ್ಯದ ನಾರ್ಫೋಕ್ ಪಟ್ಟಣದಲ್ಲಿ ನೆಲೆ ನಿಂತಿತು. ಜೋಳದ ಹೊಲಗಳ ನಡುವಿನ ಆ ಪಟ್ಟಣದಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಗೆಳೆಯನ ಮನೆಯಲ್ಲಿ ಜಾದೂ ವಿದ್ಯೆಯ ಪುಸ್ತಕವೊಂದು ಹುಡುಗನ ಕಣ್ಣಿಗೆ ಬಿತ್ತು. ಅಂಚೆಯ ಮೂಲಕ ಜಾದೂ ಸಾಮಗ್ರಿ ತರಿಸಿಕೊಂಡಾಯಿತು. ಇಸ್ಪೀಟು ಎಲೆಗಳನ್ನು ಹಿಡಿದು ಮನೆಮಂದಿಯನ್ನೆಲ್ಲ ಕಾಡಿದ್ದೂ ಆಯಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ‘ದಿ ಗ್ರೇಟ್ ಕಾರ್ಸೋನಿ’ ಎಂಬ ಹೆಸರಿಟ್ಟುಕೊಂಡು ಊರಿನ ರೋಟರಿ ಕ್ಲಬ್ಬಿನಲ್ಲಿ ನೀಡಿದ ಪ್ರದರ್ಶನಕ್ಕೆ ಸಿಕ್ಕ ಸಂಭಾವನೆ ಮೂರು ಡಾಲರ್.

ಜನರ ನಡುವೆ ಬೆರೆಯಲು ಸಂಕೋಚಪಡುತ್ತಿದ್ದ ಹುಡುಗನಿಗೆ ವೇದಿಕೆಯೊಂದು ಆಸರೆಯಾಯಿತು. ವೇದಿಕೆಯ ಮೇಲೆ ಎಲ್ಲವೂ ತನ್ನ ಹಿಡಿತದಲ್ಲಿರುತ್ತದೆ, ಯಾರು ಯಾವಾಗ ಎತ್ತ ನೋಡಬೇಕೆಂಬುದನ್ನು ತಾನೇ ನಿರ್ಧರಿಸಬಹುದು. ಜಾದೂಗಾರನ ಈ ಪಾಠ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಕಾರ್ಸನ್ ಅವರನ್ನು ಮಾತುಗಾರ ಎಂದು ಕರೆಯುವುದಕ್ಕಿಂತ ಮಾತಿನ ಜಾದೂಗಾರ ಎಂದು ಕರೆಯುವುದೇ ಸರಿಯೆಂದು ಈ ಲೇಖಕನಿಗೆ ತೋರುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ 1943ರಲ್ಲಿ ನೌಕಾಪಡೆ ಸೇರಿ, ಯುದ್ಧ ಮುಗಿಯುವ ಹೊತ್ತಿಗೆ ಯುಎಸ್ಎಸ್ ಪೆನ್ಸಿಲ್ವೇನಿಯಾ ಯುದ್ಧನೌಕೆಯಲ್ಲಿ ಕಿರಿಯ ಅಧಿಕಾರಿಯಾಗಿದ್ದರು. ಮರಳಿ ಬಂದು ನೆಬ್ರಾಸ್ಕಾ ವಿಶ್ವವಿದ್ಯಾಲಯದಿಂದ 1949ರಲ್ಲಿ ಪದವಿ ಪಡೆದರು. ಅಲ್ಲಿ ಅವರು ಸಿದ್ಧಪಡಿಸಿದ ಪ್ರೌಢ ಪ್ರಬಂಧದ ವಿಷಯ ಹಾಸ್ಯ ರಚನೆಯ ಕುಶಲತೆ. ಪ್ರಬಂಧವನ್ನು ಬರೆದು ಒಪ್ಪಿಸುವ ಬದಲು ಟೇಪಿನಲ್ಲಿ ಮುದ್ರಿಸಿ ಒಪ್ಪಿಸಿದರು. ರೇಡಿಯೊ ಹಾಸ್ಯಗಾರರ ಪ್ರಸಂಗಗಳನ್ನು ಆಯ್ದು, ನಗು ಎಲ್ಲಿ ಹುಟ್ಟುತ್ತದೆ, ಏಕೆ ಹುಟ್ಟುತ್ತದೆ ಎಂದು ವಿವರಿಸಿದ್ದರು. ಅವರ ಆರಾಧ್ಯದೈವ ಜಾಕ್ ಬೆನ್ನಿ. ಸಹನಟರಿಗೆ ನಗೆಯ ಮಾತುಗಳನ್ನು ಬಿಟ್ಟುಕೊಟ್ಟು, ತಾನು ಸುಮ್ಮನೆ ನಿಂತು ನೋಡುವುದರಲ್ಲೇ ಹೆಚ್ಚು ನಗು ಗಳಿಸುತ್ತಿದ್ದ ಕಲಾವಿದ ಬೆನ್ನಿ. ಮುಂದೆ ಕಾರ್ಸನ್ ಅವರ ಇಡೀ ವೃತ್ತಿಜೀವನ ನಿಂತದ್ದು ಈ ಒಂದು ಸೂತ್ರದ ಮೇಲೆ.

ಓಮಾಹಾ ನಗರದ ಡಬ್ಲ್ಯುಒಡಬ್ಲ್ಯು ಕೇಂದ್ರದಲ್ಲಿ ಕೆಲಸಕ್ಕೆ ಸೇರಿದಾಗ ಅವರು ನಡೆಸಿದ ಒಂದು ಸಂದರ್ಶನ ಇಂದಿಗೂ ನೆನಪಿನಲ್ಲಿಡುವಂಥದು. ನಗರದ ನ್ಯಾಯಾಲಯದ ಮಾಳಿಗೆಯ ಮೇಲೆ ಪಾರಿವಾಳಗಳ ಹಾವಳಿ ಹೆಚ್ಚಿದೆ, ಅವುಗಳನ್ನು ಓಡಿಸಬೇಕು ಎಂಬ ಚರ್ಚೆ ನಡೆದಿತ್ತು. ಕಾರ್ಸನ್ ಮೈಕ್ ಹಿಡಿದು ಆ ಪಾರಿವಾಳಗಳನ್ನೇ ಸಂದರ್ಶಿಸುವಂತೆ ನಟಿಸಿದರು. ಮಾಳಿಗೆಯ ಮೇಲೆ ಕುಳಿತು ತಾವು ಕಂಡ ರಾಜಕೀಯ ಭ್ರಷ್ಟಾಚಾರವನ್ನೆಲ್ಲ ಪಾರಿವಾಳಗಳು ಬಾಯಿಬಿಟ್ಟವಂತೆ! ಅತಿಥಿ ಯಾರೇ ಇರಲಿ, ಮಾತನಾಡಿಸಬಲ್ಲೆ ಎಂಬ ಧೈರ್ಯ ಆಗಲೇ ಇತ್ತೆನ್ನಬೇಕು.

ಆದರೆ ಗೆಲುವು ಬೇಗನೆ ಒಲಿಯಲಿಲ್ಲ. ಲಾಸ್ ಏಂಜಲೀಸ್‌ಗೆ ತೆರಳಿ, 1951ರಲ್ಲಿ ‘ಕಾರ್ಸನ್ಸ್ ಸೆಲ್ಲರ್’ ಎಂಬ ಅಲ್ಪ ವೆಚ್ಚದ ಸ್ಥಳೀಯ ಕಾರ್ಯಕ್ರಮ ಆರಂಭಿಸಿದರು. ಅದನ್ನು ಮೆಚ್ಚಿದ ಹಾಸ್ಯನಟ ರೆಡ್ ಸ್ಕೆಲ್ಟನ್ ಅವರ ಬಳಿ ಬರಹಗಾರರಾಗಿ ಸೇರಿಕೊಂಡರು. 1954ರಲ್ಲಿ ತಾಲೀಮಿನ ವೇಳೆ ಸ್ಕೆಲ್ಟನ್ ಬಾಗಿಲಿಗೆ ಡಿಕ್ಕಿ ಹೊಡೆದು ಪ್ರಜ್ಞೆ ತಪ್ಪಿದರು. ನೇರ ಪ್ರಸಾರಕ್ಕೆ ಉಳಿದಿದ್ದುದು ಸ್ವಲ್ಪವೇ ಹೊತ್ತು. ಬರಹಗಾರ ಕಾರ್ಸನ್ ವೇದಿಕೆಗೆ ನುಗ್ಗಿ ಕಾರ್ಯಕ್ರಮ ನಡೆಸಿಕೊಟ್ಟರು. ಅದರ ಫಲವಾಗಿ ಸಿಬಿಎಸ್ ವಾಹಿನಿ 1955ರಲ್ಲಿ ಅವರ ಹೆಸರಿನಲ್ಲೇ ಒಂದು ಹಾಸ್ಯ ಕಾರ್ಯಕ್ರಮ ಕೊಟ್ಟಿತು. ಒಂದು ವರ್ಷವೂ ಪೂರ್ತಿ ನಡೆಯದೆ ಅದು ನಿಂತುಹೋಯಿತು. ಆ ಸೋಲಿನ ಪೆಟ್ಟು ದೊಡ್ಡದಾಗಿತ್ತು.

ಕೈಹಿಡಿದದ್ದು ಎಬಿಸಿ ವಾಹಿನಿಯ ಹಗಲಿನ ರಸಪ್ರಶ್ನೆ ಕಾರ್ಯಕ್ರಮ. 1957ರಿಂದ ಐದು ವರ್ಷ ಅವರು ನಡೆಸಿದ, ‘ಹೂ ಡು ಯೂ ಟ್ರಸ್ಟ್?’ ಎಂದು ಹೆಸರಾದ ಆ ಕಾರ್ಯಕ್ರಮದಲ್ಲಿ ಪ್ರಶ್ನೆಗಳು ಬರೀ ನೆಪ. ಸ್ಪರ್ಧಿಗಳಾಗಿ ಬಂದ ಸಾಮಾನ್ಯ ದಂಪತಿಗಳೊಂದಿಗೆ ನಡೆಸುತ್ತಿದ್ದ ಹರಟೆಯೇ ಮುಖ್ಯ. ಕ್ಯಾಮೆರಾ ಕಂಡರೆ ತೊದಲುವ ಗೃಹಿಣಿ, ನಿಲ್ಲಿಸದೆ ಮಾತನಾಡುವ ವ್ಯಾಪಾರಿ, ಮುಗ್ಧವಾಗಿ ಮನೆಯ ಗುಟ್ಟು ಹೇಳಿಬಿಡುವ ಗಂಡ. ಇಂಥವರನ್ನು ನೋಯಿಸದೆ ನಗಿಸುವ ವಿದ್ಯೆ ಅಲ್ಲಿ ಕರಗತವಾಯಿತು. 1958ರಲ್ಲಿ ಅಲ್ಲಿಯೇ ಉದ್ಘೋಷಕರಾಗಿ ಸೇರಿದವರು ಎಡ್ ಮೆಕ್‌ಮಹಾನ್. ಮುಂದಿನ ಮೂರು ದಶಕ ಈ ಜೋಡಿ ಅಗಲಲಿಲ್ಲ.

ಅತ್ತ ‘ಟುನೈಟ್’ ಕಾರ್ಯಕ್ರಮದಲ್ಲಿ ಬಿರುಗಾಳಿ ಎದ್ದಿತ್ತು. 1954ರಲ್ಲಿ ಸ್ಟೀವ್ ಅಲೆನ್ ರಾಷ್ಟ್ರಮಟ್ಟದಲ್ಲಿ ಆರಂಭಿಸಿದ ಅದನ್ನು 1957ರಿಂದ ನಡೆಸುತ್ತಿದ್ದವರು ಜಾಕ್ ಪಾರ್. ಪಾರ್ ಭಾವುಕ ಮನುಷ್ಯ. ಕ್ಯಾಮೆರಾ ಮುಂದೆ ಕಣ್ಣೀರು ಹಾಕುವವರು, ಪತ್ರಿಕೆಗಳೊಂದಿಗೆ ಜಗಳ ಕಾಯುವವರು. 1960ರ ಫೆಬ್ರುವರಿಯಲ್ಲಿ, ಶೌಚಾಲಯಕ್ಕೆ ಸಂಬಂಧಿಸಿದ ಅವರ ತಮಾಷೆಯೊಂದನ್ನು ವಾಹಿನಿ ಕತ್ತರಿಸಿದ್ದಕ್ಕೆ ಸಿಟ್ಟಾಗಿ, ಪ್ರಸಾರದ ನಡುವೆಯೇ ಎದ್ದು ಹೊರನಡೆದರು. ಸುಮಾರು ಒಂದು ತಿಂಗಳ ನಂತರ ಮರಳಿದರು. 1962ರ ಮಾರ್ಚ್‌ನಲ್ಲಿ ದಣಿದು ಶಾಶ್ವತವಾಗಿ ಬಿಟ್ಟರು. ಇಂಥವರ ಕುರ್ಚಿಗೆ ಯಾರು ತಾನೆ ಬಂದಾರು? ಎನ್‌ಬಿಸಿ ಕರೆದಾಗ ಕಾರ್ಸನ್ ಮೊದಲು ಒಲ್ಲೆನೆಂದರು. ಮತ್ತೊಮ್ಮೆ ಸೋತರೆ ಉಳಿಗಾಲವಿಲ್ಲ ಎಂಬ ಅಂಜಿಕೆ. ಒತ್ತಾಯದ ನಂತರ ಒಪ್ಪಿದರಾದರೂ ಎಬಿಸಿ ಅವರನ್ನು ಬಿಡಲಿಲ್ಲ. ಕರಾರು ಮುಗಿಯುವವರೆಗೆ, ಅಂದರೆ ಸೆಪ್ಟೆಂಬರ್‌ವರೆಗೆ, ಹಗಲಿನ ರಸಪ್ರಶ್ನೆ ನಡೆಸಲೇಬೇಕೆಂದು ಪಟ್ಟು ಹಿಡಿಯಿತು.

ಆ ಆರು ತಿಂಗಳು ಕಾರ್ಸನ್ ಪಾಲಿಗೆ ಕಠಿಣ ಪರೀಕ್ಷೆ. ತಾನು ಕೂರಬೇಕಾದ ಕುರ್ಚಿಯಲ್ಲಿ ಒಬ್ಬರಾದ ಮೇಲೊಬ್ಬರು ಅತಿಥಿ ನಿರೂಪಕರು ಬಂದು ಕೂರುತ್ತಿದ್ದರು. ಗ್ರೌಚೊ ಮಾರ್ಕ್ಸ್, ಮಾರ್ಟ್ ಸಾಲ್, ಆರ್ಟ್ ಲಿಂಕ್‌ಲೆಟರ್, ಜೋಯಿ ಬಿಷಪ್, ಮರ್ವ್ ಗ್ರಿಫಿನ್, ಜೆರ್ರಿ ಲೂಯಿಸ್. ಗ್ರಿಫಿನ್ ಅವರನ್ನು ವಿಮರ್ಶಕರು ಬಹಳ ಹೊಗಳಿದರು. ಎನ್‌ಬಿಸಿ ಅವರಿಗೊಂದು ಹಗಲಿನ ಮಾತುಕತೆ ಕಾರ್ಯಕ್ರಮವನ್ನೇ ಕೊಟ್ಟಿತು. ಅದು ಆರಂಭವಾದ ದಿನ ಯಾವುದು ಗೊತ್ತೆ? ಅದೇ ಅಕ್ಟೋಬರ್ 1. ಕಾರ್ಸನ್ ಎಡವಿದರೆ ಬದಲಿ ಆಟಗಾರ ಸಿದ್ಧ ಎಂಬ ಸೂಚನೆ ಅದರಲ್ಲಿ ಇದ್ದಿತೆಂದು ಯಾರಾದರೂ ಭಾವಿಸಿದ್ದರೆ ಆಶ್ಚರ್ಯವಿಲ್ಲ. ಪಾರ್ ಕೂಡ ದೂರ ಹೋಗಿರಲಿಲ್ಲ. ಅದೇ ವಾಹಿನಿಯಲ್ಲಿ ಶುಕ್ರವಾರ ರಾತ್ರಿಯ ವಾರದ ಕಾರ್ಯಕ್ರಮ ಹಿಡಿದಿದ್ದರು. ಸ್ಟೀವ್ ಅಲೆನ್ ಅದೇ ಬೇಸಿಗೆಯಲ್ಲಿ ವೆಸ್ಟಿಂಗ್‌ಹೌಸ್ ಸಂಸ್ಥೆಗಾಗಿ ಹಾಲಿವುಡ್‌ನಿಂದ ಪ್ರತಿಸ್ಪರ್ಧಿ ಕಾರ್ಯಕ್ರಮ ಆರಂಭಿಸಿದ್ದರು. ಹೀಗೆ ಮುಂದೆ, ಹಿಂದೆ, ಅಕ್ಕಪಕ್ಕದಲ್ಲಿ ಎಲ್ಲೆಡೆ ಹೋಲಿಕೆಗೆ ಜನರಿದ್ದಾಗ ನೆಬ್ರಾಸ್ಕಾದ ಜಾದೂಗಾರ ಪರದೆ ಸರಿಸಿ ಹೊರಬಂದದ್ದು.

ಮೊದಲ ರಾತ್ರಿಯ ಅತಿಥಿಗಳ ಆಯ್ಕೆಯನ್ನು ಗಮನಿಸಬೇಕು. ರೂಡಿ ವ್ಯಾಲಿ 1920ರ ದಶಕದ ಕೊನೆಯಲ್ಲಿ ಅಮೆರಿಕದ ಹೆಂಗಳೆಯರ ಮನ ಕದ್ದ ಗಾಯಕ. 1961ರಿಂದ ಬ್ರಾಡ್‌ವೇ ರಂಗಭೂಮಿಯ ಜನಪ್ರಿಯ ಸಂಗೀತ ನಾಟಕವೊಂದರಲ್ಲಿ ಕಂಪೆನಿ ಅಧ್ಯಕ್ಷನ ಪಾತ್ರ ಮಾಡುತ್ತ ಎರಡನೆಯ ಬಾಳು ಕಂಡುಕೊಂಡಿದ್ದರು. ಜೋನ್ ಕ್ರಾಫರ್ಡ್ ಹಾಲಿವುಡ್‌ನ ಹಿರಿಯ ತಾರೆ. ಬೆಟ್ಟಿ ಡೇವಿಸ್ ಜತೆ ಅವರು ನಟಿಸಿದ್ದ ‘ವಾಟ್ ಎವರ್ ಹ್ಯಾಪನ್ಡ್ ಟು ಬೇಬಿ ಜೇನ್?’ ಚಿತ್ರ ಅದೇ ತಿಂಗಳ ಕೊನೆಗೆ ತೆರೆಕಾಣಲಿತ್ತು. ಟೋನಿ ಬೆನೆಟ್ ಅದೇ ಜೂನ್‌ನಲ್ಲಿ ಕಾರ್ನೆಗಿ ಹಾಲ್‌ನಲ್ಲಿ ಹಾಡಿ, ಸ್ಯಾನ್ ಫ್ರಾನ್ಸಿಸ್ಕೊ ಕುರಿತ ಗೀತೆಯೊಂದಿಗೆ ಮನೆಮಾತಾಗುತ್ತಿದ್ದ ಗಾಯಕ. ಇನ್ನು ಮೆಲ್ ಬ್ರೂಕ್ಸ್. ಎರಡು ಸಾವಿರ ವರ್ಷ ವಯಸ್ಸಿನ ಮುದುಕನ ಪಾತ್ರದಲ್ಲಿ ಕಾರ್ಲ್ ರೈನರ್ ಅವರೊಂದಿಗೆ ಹೊರತಂದ ಹಾಸ್ಯದ ಧ್ವನಿಮುದ್ರಿಕೆಗಳಿಂದ ಆಗಷ್ಟೇ ಹೆಸರಾಗುತ್ತಿದ್ದ ಬರಹಗಾರ. ಅವರು ಚಿತ್ರ ನಿರ್ದೇಶಕರಾದದ್ದು ಬಹಳ ಮುಂದಿನ ಮಾತು.

ಅಸ್ತಮಿಸುತ್ತಿದ್ದ ಕೀರ್ತಿ, ಮರಳಿ ಬರುತ್ತಿದ್ದ ಕೀರ್ತಿ, ಏರುತ್ತಿದ್ದ ಕೀರ್ತಿ, ಇನ್ನೂ ಮೂಡದ ಕೀರ್ತಿ. ನಾಲ್ಕೂ ಒಂದೇ ಸೋಫಾದ ಮೇಲೆ! ಹೊಸ ಅತಿಥಿ ಬಂದಂತೆ ಹಳೆಯವರು ಸೋಫಾದಲ್ಲಿ ಪಕ್ಕಕ್ಕೆ ಸರಿಯಬೇಕು, ಎದ್ದು ಹೋಗುವಂತಿಲ್ಲ. ಹಾಗಾಗಿ ತಾರೆಯೊಬ್ಬರು ಹೊಸ ಹಾಸ್ಯಗಾರನ ಮಾತಿಗೆ ನಗುವುದನ್ನು ದೇಶವೇ ನೋಡುತ್ತಿತ್ತು. ಈ ಸಣ್ಣ ಏರ್ಪಾಟು ಅನೇಕ ಹೊಸಬರ ಭಾಗ್ಯದ ಬಾಗಿಲು ತೆರೆಯಿತು.

ಅದೇ ಮೊದಲ ವಾರದಲ್ಲಿ ಬಂದ ಇನ್ನೊಬ್ಬ ಅತಿಥಿಗೆ ಆಗ ಇಪ್ಪತ್ತೇ ವರ್ಷ. ಬ್ರಾಡ್‌ವೇ ನಾಟಕವೊಂದರಲ್ಲಿ ಸಣ್ಣ ಪಾತ್ರದಿಂದ ಗಮನ ಸೆಳೆದಿದ್ದ, ಇನ್ನೂ ಒಂದೂ ಸ್ವಂತ ಆಲ್ಬಂ ಹೊರತಂದಿರದ ಬಾರ್ಬ್ರಾ ಸ್ಟ್ರೈಸೆಂಡ್. 1963ರ ಫೆಬ್ರುವರಿಯಲ್ಲಿ ಅವರ ಮೊದಲ ಆಲ್ಬಂ ಬಂದಿತು. ಆ ಮೊದಲ ಚಳಿಗಾಲದಲ್ಲಿ ಹಲವು ಬಾರಿ ಅವರು ಕಾರ್ಸನ್ ಎದುರು ಹಾಡಿದರು, ಹರಟಿದರು. ವರ್ಷಗಳ ಬಳಿಕ, 1975ರಲ್ಲಿ, ಬರುತ್ತೇನೆಂದು ಒಪ್ಪಿ ಕೊನೆಗಳಿಗೆಯಲ್ಲಿ ಬರಲಿಲ್ಲ ಎಂಬ ಕಾರಣಕ್ಕೆ ಕಾರ್ಸನ್ ಅವರನ್ನು ಮತ್ತೆ ಕರೆಯಲೇ ಇಲ್ಲ. ಆದರಿಸುವ ಅತಿಥೇಯನೇ ಮುನಿಸನ್ನೂ ಮರೆಯದ ಮನುಷ್ಯ.

ಕಾರ್ಯಕ್ರಮದ ಅವಧಿ ಇಂದಿನ ಲೆಕ್ಕದಲ್ಲಿ ಊಹಿಸಲೂ ಕಷ್ಟ. ರಾತ್ರಿ 11.15ರಿಂದ ಒಂದು ಗಂಟೆಯವರೆಗೆ, ಒಟ್ಟು 105 ನಿಮಿಷ, ವಾರಕ್ಕೆ ಐದು ರಾತ್ರಿ. ಮೊದಲಿಗೆ ದಿನದ ಸುದ್ದಿಯನ್ನು ಚಿವುಟುವ ಏಕಪಾತ್ರ ಹಾಸ್ಯ, ನಂತರ ಮೇಜಿನ ಹಿಂದೆ ಕುಳಿತು ಮಾತು, ನಡುವೆ ಸ್ಕಿಚ್ ಹೆಂಡರ್ಸನ್ ನೇತೃತ್ವದ ವಾದ್ಯವೃಂದ. ಶೀರ್ಷಿಕೆ ಸಂಗೀತ ಪಾಲ್ ಆಂಕಾ ಅವರದು. ಆ ಧಾಟಿಗೆ ಸಾಹಿತ್ಯ ಬರೆದವರೆಂದು ಕಾರ್ಸನ್ ಹೆಸರೂ ಸೇರಿತು. ಕಾರ್ಯಕ್ರಮದಲ್ಲಿ ಆ ಧಾಟಿ ವಾದ್ಯಗಳಲ್ಲೇ ಮೊಳಗುತ್ತಿತ್ತು. ಆದರೂ ಪ್ರತಿ ರಾತ್ರಿಯ ರಾಯಧನದಲ್ಲಿ ಅರ್ಧ ಪಾಲು ಕಾರ್ಸನ್ ಅವರಿಗೆ ಸಲ್ಲುತ್ತಿತ್ತು. ಮೂರು ಡಾಲರ್ ಎಣಿಸಿಕೊಂಡ ಹುಡುಗ ಲೆಕ್ಕಾಚಾರದಲ್ಲೂ ಕಚ್ಚಾ ಆಗಿರಲಿಲ್ಲ.

ಅತಿಥಿಗಳ ಜತೆ ಮೊದಲೇ ಮಾತನಾಡಿ, ಕೇಳಬಹುದಾದ ಪ್ರಶ್ನೆಗಳನ್ನು ಬರೆದಿಡುವ ಸಿಬ್ಬಂದಿ ಇತ್ತು. ಆದರೆ ಕಾರ್ಸನ್ ಮಾತ್ರ ಕಾರ್ಯಕ್ರಮಕ್ಕೆ ಮುನ್ನ ಅತಿಥಿಗಳನ್ನು ಭೇಟಿಯಾಗಲು ಇಚ್ಛಿಸುತ್ತಿರಲಿಲ್ಲ. ಮೊದಲ ಮಾತಿನ ತಾಜಾತನ ಕ್ಯಾಮೆರಾ ಮುಂದೆಯೇ ಹುಟ್ಟಬೇಕೆಂಬುದು ಅವರ ನಂಬಿಕೆ. ಮಾತು ಚೆನ್ನಾಗಿ ಸಾಗಿದರೆ ಮೇಜಿನ ಮೇಲಿನ ಚೀಟಿಗಳನ್ನು ಮರೆತುಬಿಡುವರು. ಅತಿಥಿ ತಡವರಿಸಿದರೆ ಮಾತ್ರ ಒಂದು ಪ್ರಶ್ನೆ ಎಸೆದು ದಡ ಸೇರಿಸುವರು. ಎದುರಿನವರು ನಗಿಸುತ್ತಿದ್ದರೆ ತಾವು ಹಿಂದೆ ಸರಿಯುವರು. ಕ್ಯಾಮೆರಾ ತಮ್ಮತ್ತ ತಿರುಗಿದಾಗ ಹುಬ್ಬೇರಿಸಿ ಒಂದು ನೋಟ ಬೀರಿದರೆ ಸಾಕು, ಮತ್ತೊಂದು ನಗೆ. ಸ್ವಂತ ತಮಾಷೆ ಸಪ್ಪೆಯಾದರೆ ಅದರ ಸೋಲನ್ನೇ ಮುಂದಿನ ತಮಾಷೆಯಾಗಿಸುವರು. ಬೆನ್ನಿಯಿಂದ ಕಲಿತ ಪಾಠ ಇದೇ ಅಲ್ಲವೆ?

ಆ ವರ್ಷ ಹಗುರವಾದುದೇನೂ ಆಗಿರಲಿಲ್ಲ. ಕಾರ್ಯಕ್ರಮ ಆರಂಭವಾಗಿ ಮೂರು ವಾರಕ್ಕೆ, ಅಕ್ಟೋಬರ್ 22ರ ಸಂಜೆ, ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳಿರುವುದನ್ನು ಅಧ್ಯಕ್ಷ ಕೆನಡಿ ದೇಶಕ್ಕೆ ತಿಳಿಸಿದರು. ಅಣುಯುದ್ಧದ ಭೀತಿ ಮನೆಮನೆಯನ್ನೂ ಹೊಕ್ಕಿತು. ಡಿಸೆಂಬರ್ 8ರಿಂದ ನ್ಯೂಯಾರ್ಕ್ ಪತ್ರಿಕೆಗಳ ಮುದ್ರಣ ಕಾರ್ಮಿಕರು ಮುಷ್ಕರ ಹೂಡಿ, 114 ದಿನ ನಗರಕ್ಕೆ ಪ್ರಮುಖ ದಿನಪತ್ರಿಕೆಗಳೇ ಇಲ್ಲವಾದವು. ಬೆಳಗಿನ ಕಾಫಿಗೆ ಪತ್ರಿಕೆಯಿಲ್ಲದ ನಗರವನ್ನು ನೆನೆದರೆ ಪತ್ರಿಕಾ ವೃತ್ತಿಯವರಿಗೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಅಂಥ ದಿನಗಳಲ್ಲಿ ದಿನದ ಸುದ್ದಿಯನ್ನು ನಗೆಯಾಗಿಸಿ ಹೇಳುವ ಕಸುಬು ಅವರದು. ಅಂದಹಾಗೆ, ಆಗ ನಮ್ಮಲ್ಲಿ ದೆಹಲಿಯೊಂದರಲ್ಲಿ ಮಾತ್ರ ಪ್ರಾಯೋಗಿಕ ದೂರದರ್ಶನವಿತ್ತು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ.

ಒಂದು ಆಕ್ಷೇಪವನ್ನು ಇಲ್ಲಿ ಹೇಳಲೇಬೇಕು. ಕಾರ್ಸನ್ ಕಟು ಪ್ರಶ್ನೆ ಕೇಳುವವರಲ್ಲ. ತಮ್ಮ ರಾಜಕೀಯ ಒಲವನ್ನು ಕೊನೆಯವರೆಗೂ ಬಚ್ಚಿಟ್ಟರು. 1963ರ ಬೇಸಿಗೆಯಲ್ಲಿ ಕಪ್ಪು ಜನಾಂಗದ ಹಕ್ಕುಗಳಿಗಾಗಿ ಲಕ್ಷಾಂತರ ಜನ ವಾಷಿಂಗ್ಟನ್‌ನಲ್ಲಿ ಸೇರಿದ್ದರು. ದೇಶ ಅಷ್ಟು ಕುದಿಯುತ್ತಿದ್ದಾಗ ತಡರಾತ್ರಿಯ ಸೋಫಾವನ್ನು ಅವರು ಮನರಂಜನೆಗೇ ಮೀಸಲಿಟ್ಟರು. 1968ರ ಫೆಬ್ರುವರಿಯಲ್ಲಿ ಗಾಯಕ ಹ್ಯಾರಿ ಬೆಲಫಾಂಟೆ ಒಂದು ವಾರ ಕಾರ್ಸನ್ ಬದಲಿಗೆ ಕುಳಿತಾಗ ಮಾರ್ಟಿನ್ ಲೂಥರ್ ಕಿಂಗ್, ರಾಬರ್ಟ್ ಕೆನಡಿ ಅದೇ ಸೋಫಾಗೆ ಬಂದರು. ಆ ವೇದಿಕೆಗೆ ಎಷ್ಟು ಶಕ್ತಿಯಿತ್ತೆಂದು ತೋರಿಸಿಕೊಟ್ಟದ್ದು ಆ ಒಂದು ವಾರ. ಆದರೆ ಹಾಸ್ಯಗಾರ ಉಪದೇಶಕನಾದರೆ ಎರಡೂ ಕೆಡುತ್ತದೆಂಬ ಕಾರ್ಸನ್ ನಿಲುವನ್ನೂ ಸುಲಭವಾಗಿ ತಳ್ಳಿಹಾಕಲಾಗದು. ಮಲಗುವ ಮುನ್ನ ಪ್ರತಿ ರಾತ್ರಿ ಮನೆಯೊಳಗೆ ಬರುವ ವ್ಯಕ್ತಿಯ ಮೇಲೆ ಜನ ಇಡುವ ನಂಬಿಕೆಯೇ ಬೇರೆ.

ಮೊದಲ ವರ್ಷ ಮುಗಿಯುವ ಹೊತ್ತಿಗೆ ಫಲಿತಾಂಶ ಸ್ಪಷ್ಟವಾಗಿತ್ತು. ಮರ್ವ್ ಗ್ರಿಫಿನ್ ಅವರ ಹಗಲಿನ ಕಾರ್ಯಕ್ರಮವನ್ನು ಎನ್‌ಬಿಸಿ 1963ರಲ್ಲೇ ನಿಲ್ಲಿಸಿತು. 1962ರ ಬೇಸಿಗೆಯಲ್ಲಿ ಅತಿಥಿ ನಿರೂಪಕರಾಗಿ ಜನಮನ ಗೆದ್ದಿದ್ದ ಜೆರ್ರಿ ಲೂಯಿಸ್ ಅವರಿಗೆ ಎಬಿಸಿ ಅಪಾರ ಹಣ ಸುರಿದು, ಶನಿವಾರ ರಾತ್ರಿ ಎರಡು ಗಂಟೆಗಳ ನೇರ ಪ್ರಸಾರದ ಕಾರ್ಯಕ್ರಮ ಕೊಟ್ಟಿತು. 1963ರ ಸೆಪ್ಟೆಂಬರ್‌ನಲ್ಲಿ ಭಾರಿ ಸಡಗರದಿಂದ ಆರಂಭವಾದ ಅದು ಡಿಸೆಂಬರ್‌ನಲ್ಲಿ ಮುಚ್ಚಿತು. ಲೂಯಿಸ್ ಪ್ರತಿಭೆಯಲ್ಲಿ ಕಾರ್ಸನ್‌ಗಿಂತ ಕಡಿಮೆಯವರಲ್ಲ. ಬೆಳ್ಳಿತೆರೆಯಲ್ಲಿ ಅವರದು ಬಹಳ ದೊಡ್ಡ ಹೆಸರು. ಆದರೆ ಅತಿಥಿಗೆ ಜಾಗ ಬಿಟ್ಟುಕೊಡುವುದು ಬೇರೆಯೇ ವಿದ್ಯೆ.

ಕ್ಯಾಮೆರಾ ಆರಿದ ಮೇಲೆ ಕಾರ್ಸನ್ ಬೇರೆ ಮನುಷ್ಯ. ಔತಣಕೂಟಗಳಲ್ಲಿ ಮೂಲೆ ಹಿಡಿಯುವರು, ಅಪರಿಚಿತರ ಎದುರು ಮಾತು ಬಾರದು. ದೇಶದ ಎಲ್ಲರನ್ನೂ ಮಾತನಾಡಿಸಿದ ಅವರಿಗೆ ಆಪ್ತರೆನಿಸಿದವರು ಬೆರಳೆಣಿಕೆಯಷ್ಟು. ಕಾಲೇಜು ದಿನಗಳ ಪ್ರೇಮದ ಫಲವಾದ ಮೊದಲ ಮದುವೆ, ಮೂವರು ಗಂಡುಮಕ್ಕಳ ಸಂಸಾರ, ಇದೇ 1963ರಲ್ಲಿ ವಿಚ್ಛೇದನದಲ್ಲಿ ಕೊನೆಗೊಂಡಿತು. ಅದೇ ಆಗಸ್ಟ್‌ನಲ್ಲಿ ಎರಡನೆಯ ವಿವಾಹವಾದರು. ಒಟ್ಟು ನಾಲ್ಕು ಮದುವೆಗಳಾದವು. ತಮ್ಮ ವಿಚ್ಛೇದನಗಳನ್ನು ಮುಂದೆ ಅವರೇ ವೇದಿಕೆಯಲ್ಲಿ ನಗೆಯ ವಸ್ತುವಾಗಿಸಿಕೊಂಡರು. 1991ರಲ್ಲಿ ಮಗ ರಿಕ್ ಕಾರು ಅಪಘಾತದಲ್ಲಿ ತೀರಿಕೊಂಡಾಗ ಮಾತ್ರ, ಮಗ ತೆಗೆದ ಛಾಯಾಚಿತ್ರಗಳನ್ನು ಕಾರ್ಯಕ್ರಮದ ಕೊನೆಯಲ್ಲಿ ತೋರಿಸಿ ಮಾತು ಮುಗಿಸಿದರು.

ಇನ್ನು ಟೇಪುಗಳ ಕತೆ. ವಿಡಿಯೊ ಟೇಪು ಆ ಕಾಲದಲ್ಲಿ ದುಬಾರಿ ವಸ್ತು. ಒಮ್ಮೆ ಪ್ರಸಾರವಾದ ಮಾತುಕತೆಯನ್ನು ಮತ್ತೆ ಯಾರು ನೋಡಿಯಾರು ಎಂಬ ಲೆಕ್ಕದಲ್ಲಿ ವಾಹಿನಿ ಅವುಗಳನ್ನು ಅಳಿಸಿ ಮರುಬಳಕೆ ಮಾಡಿತು. 1962ರಿಂದ 1972ರವರೆಗಿನ ಹತ್ತು ವರ್ಷಗಳ ನ್ಯೂಯಾರ್ಕ್ ಸಂಚಿಕೆಗಳಲ್ಲಿ ಉಳಿದದ್ದು ಚೂರುಪಾರು. 1972ರ ಮೇ ತಿಂಗಳಲ್ಲಿ ಕಾರ್ಯಕ್ರಮ ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ಗೆ ಸ್ಥಳಾಂತರಗೊಂಡ ನಂತರದ ಸಂಚಿಕೆಗಳಷ್ಟೇ ಸುರಕ್ಷಿತ. ಹತ್ತು ವರ್ಷದ ದುಡಿಮೆ ಹೀಗೆ ಮಾಯವಾದದ್ದು ಕಾರ್ಸನ್ ಅವರಿಗೆ ತೀವ್ರ ಬೇಸರ ತಂದಿತ್ತು. 1980ರ ಕರಾರಿನಲ್ಲಿ ಕಾರ್ಯಕ್ರಮದ ಒಡೆತನವನ್ನೇ ತಮ್ಮದಾಗಿಸಿಕೊಂಡರು. ಉಳಿದ ಟೇಪುಗಳನ್ನು ಕ್ಯಾನ್ಸಸ್ ರಾಜ್ಯದ ಹಚಿನ್ಸನ್‌ನಲ್ಲಿ, ನೆಲದಾಳದ ಉಪ್ಪಿನ ಗಣಿಯಲ್ಲಿ ಇರಿಸಲಾಯಿತು. ತೇವವಿಲ್ಲದ, ಬಿಸಿಲು ಕಾಣದ ಗಣಿ ಟೇಪುಗಳಿಗೆ ಕ್ಷೇಮ.

1992ರಲ್ಲಿ ನಿವೃತ್ತರಾದ ಮೇಲೆ ಅವರು ಪರದೆಯ ಮೇಲೆ ಕಾಣಿಸಿಕೊಂಡದ್ದು ಅತಿ ವಿರಳ. ಜೀವನವಿಡೀ ಸಿಗರೇಟು ಸೇದಿದ ಶ್ವಾಸಕೋಶ ಕೈಕೊಟ್ಟಿತು. 2005ರ ಜನವರಿ 23ರಂದು ಲಾಸ್ ಏಂಜಲೀಸ್‌ನಲ್ಲಿ ನಿಧನರಾದಾಗ 79 ವರ್ಷ. ಅವರ ಅಪೇಕ್ಷೆಯಂತೆ ಸಾರ್ವಜನಿಕ ಶ್ರದ್ಧಾಂಜಲಿ ಸಭೆ ನಡೆಯಲಿಲ್ಲ. 2014ರಲ್ಲಿ ‘ಟುನೈಟ್ ಶೋ’ ನ್ಯೂಯಾರ್ಕ್‌ಗೆ, ಅದೇ 6ಬಿ ಸ್ಟುಡಿಯೊಗೆ ಮರಳಿತು. ಅಲ್ಲಿ 1962ರ ಆ ಸೋಮವಾರ ನಡೆದ ಆರಂಭದ ಏಕಪಾತ್ರ ಹಾಸ್ಯದ ಧ್ವನಿ ಉಳಿದುಬಂದಿದೆ, ಕೆಲವು ಛಾಯಾಚಿತ್ರಗಳೂ ಇವೆ. ಗ್ರೌಚೊ ಪರಿಚಯಿಸುತ್ತಾರೆ, ಚಪ್ಪಾಳೆ ಕೇಳಿಸುತ್ತದೆ, ನಗೆಯೂ ಕೇಳಿಸುತ್ತದೆ. ಪರದೆಯಿಂದ ಹೊರಬಂದವರ ಮುಖ ಮಾತ್ರ ಕಾಣುವುದಿಲ್ಲ.